ಬಂಡೆ ಕೆಳಗೆ ಮಲಗಿದ್ದಾಕೆ

ನಾನು ಕಾದಂಬರಿ ಬರೆಯಲು ಕುಳಿತದ್ದಕ್ಕೆ ಸರಸ್ವತಿಯ ಕೃಪೆ ಕಾರಣವಲ್ಲ, ಬೇಸರ ಕಾರಣ. ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಮುಚ್ಚಳಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳಗಳು ಕಣ್ಣ ಮುಂದೆ ಹರಿದು ಹೋಗುತ್ತವೆ. ಸೊಟ್ಟಗಿರುವುದನ್ನು ಹೆಕ್ಕಿ ಕೆಂಪು ಬುಟ್ಟಿಗೆ ಎಸೆಯಬೇಕು. ಕಣ್ಣಿಗೂ ಕೈಗೂ ದುಡಿಮೆ, ತಲೆಗೆ ಪೂರಾ ರಜೆ. ಹದಿನಾಲ್ಕು ವರ್ಷ ಖಾಲಿ ಬಿದ್ದ ಜಾಗದಲ್ಲಿ ಏನಾದರೂ ಬೆಳೆಯಲೇಬೇಕಲ್ಲ. ನನ್ನ ತಲೆಯಲ್ಲಿ ಏಳುನೂರು ಪುಟದ ಒಂದು ಮಹಾಕಾದಂಬರಿ ಬೆಳೆಯಿತು.

ಕಥೆ ಇಷ್ಟು. ಕೆರೆಗಳೂ ಬಂಡೆಗಳೂ ತುಂಬಿದ ಒಂದು ನಗರ. ಅಲ್ಲಿ ಯುದ್ಧವಿಲ್ಲ, ಜಗಳವಿಲ್ಲ, ಟ್ರಾಫಿಕ್ ಕೂಡ ಇಲ್ಲ; ಅಂದರೆ ಹೈದರಾಬಾದೇ, ಆದರೆ ನಾನು ತಿದ್ದಿದ ಹೈದರಾಬಾದು. ಆ ನಗರದ ಬಂಡೆಗಳ ಕೆಳಗೆ ಸಾವಿರ ವರ್ಷದಿಂದ ಏಳು ಪುರಾತನ ಶಕ್ತಿಗಳು ಮಲಗಿವೆ. ಒಬ್ಬ ಕತ್ತಲಿನ ದೊರೆ ಬಂದು ಒಂದು ಬಂಡೆಯನ್ನು ಒಡೆಯುತ್ತಾನೆ, ಹಿರಿಯ ಶಕ್ತಿ ಎಚ್ಚರಗೊಳ್ಳುತ್ತಾಳೆ, ಆಮೇಲೆ ಐನೂರು ಪುಟ ಎಲ್ಲರೂ ಎಲ್ಲರನ್ನೂ ಕಡಿಯುತ್ತಾರೆ. ಆ ಹಿರಿಯ ಶಕ್ತಿಗೆ ನಾನು ಇಟ್ಟಿದ್ದ ಹೆಸರಿನಲ್ಲಿ ಮೂರು ಒತ್ತಕ್ಷರ, ಎರಡು ಮಹಾಪ್ರಾಣ, ಒಂದು ವಿಸರ್ಗ ಇದ್ದವು. ಅದನ್ನು ಹೇಳುವಾಗ ನನಗೇ ಒಮ್ಮೊಮ್ಮೆ ಉಗುಳು ಸಿಡಿಯುತ್ತಿತ್ತು. ಹೀಗಿದ್ದರೇ ಗಾಂಭೀರ್ಯ ಎಂದು ತಿಳಿದಿದ್ದೆ.

ಬರೆದು ಮುಗಿದಾಗ ಸುಲ್ತಾನ್ ಬಜಾರಿಗೆ ಸೀರೆಗೆ ಫಾಲ್ ಹಾಕಿಸಲು ಹೋದವಳು, ಹಾಗೇ ಒಂದು ಝೆರಾಕ್ಸ್ ಅಂಗಡಿಯಲ್ಲಿ ಇಡೀ ಕಾದಂಬರಿಯ ಪ್ರಿಂಟ್ ತೆಗೆಸಿ ಮೂರು ಸಂಪುಟವಾಗಿ ಸ್ಪೈರಲ್ ಬೈಂಡ್ ಮಾಡಿಸಿದೆ. ಅಂಗಡಿಯವನು ಪುಟ ತಿರುವಿ ನೋಡಿ, "ಥೀಸಿಸ್ ಹೈ ಕ್ಯಾ ಮೇಡಂ?" ಎಂದು ಕೇಳಿದ. ಕಾದಂಬರಿ ಎಂದೆ. ಅವನ ಮುಖದಲ್ಲಿದ್ದ ಗೌರವ ಅಲ್ಲೇ ಅರ್ಧಕ್ಕೆ ಇಳಿಯಿತು.

ಗಂಡನಿಗೆ ಮೊದಲು ಕೊಟ್ಟೆ. ಅವರು ಮಾದಾಪುರದ ಒಂದು ಆಫೀಸಿನಲ್ಲಿ ಯಾವ ಇಂಜಿನಿಯರು ಯಾವ ಕ್ಯಾಬ್‌ನಲ್ಲಿ ಮನೆಗೆ ಹೋಗಬೇಕು ಎಂದು ಪಟ್ಟಿ ಮಾಡುತ್ತಾರೆ. ಮೂರೂ ಸಂಪುಟಗಳನ್ನು ಕೈಯಲ್ಲಿ ತೂಗಿ ನೋಡಿ, "ಇದರಾಗ ನಾ ಅದೀನೇನು?" ಎಂದರು. ಇಲ್ಲ ಎಂದೆ. ನೆಮ್ಮದಿಯಿಂದ ಉಸಿರು ಬಿಟ್ಟು ವಾಪಸು ಕೊಟ್ಟರು. ಅಲ್ಲಿಗೆ ಅವರ ವಿಮರ್ಶೆ ಮುಗಿಯಿತು.

ಓದಿದವರು ನಮ್ಮ ಅತ್ತೆ. ಬಾಗಲಕೋಟೆ ಕಡೆಯವರು. ಮಾವನವರಿಗೆ ಇಲ್ಲಿನ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಮದುವೆಯಾಗಿ ಬಂದವರು. ಬಂದು ನಲವತ್ತು ವರ್ಷದ ಮೇಲಾಯಿತು. ತರಕಾರಿಗೆ ತೆಲುಗು, ಹಾಲಿನವನಿಗೆ ಹಿಂದಿ, ಬೈಯಲು ಕನ್ನಡ ಎಂದು ಭಾಷೆಗಳನ್ನು ಹಂಚಿಟ್ಟುಕೊಂಡಿದ್ದಾರೆ. ಮಾವನವರು ಹೋದ ಮೇಲೆ ಮಧ್ಯಾಹ್ನಗಳನ್ನು ಏನು ಮಾಡುವುದೆಂದು ತಿಳಿಯದೆ ಕುಳಿತಿದ್ದ ಅವರಿಗೆ ನನ್ನ ಏಳುನೂರು ಪುಟ ಸಿಕ್ಕಿತು. ಹಿಂದಿನ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಹೆಸರುಬೇಳೆ ಆರಿಸುವವರ ಹಾಗೆ ಓದಿದರು. ದಿನವೂ ನಾನು ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ಆರಿಸಿದ ಕಲ್ಲು ತಯಾರಿರುತ್ತಿತ್ತು.

"ಏನವಾ ಇದು? ಸಾವಿರ ವರ್ಷ ಮಲಗಿ ಎದ್ದಾಕಿ, ಎದ್ದ ಕೂಡ್ಲೇ ಖಡ್ಗ ಹಿಡೀತಾಳ? ಮಾರಿ ತೊಳಕೊಳ್ಳಂಗಿಲ್ಲ, ಒಂದು ವಾಟಿ ಚಾ ಕುಡಿಯಂಗಿಲ್ಲ?"

"ಅತ್ತಿ, ಆಕಿ ದೇವತಾ. ದೇವತಾಗಳು ಚಾ ಕುಡಿಯೋದಿಲ್ಲ."

"ಯಾಕ ಕುಡಿಯಬಾರದು? ಮತ್ತ ಈ ನಲವತ್ತು ಸಾವಿರ ಸೈನಿಕರು ಹನ್ನೊಂದು ದಿನದಿಂದ ನಡ್ಯಾಕತ್ತಾರ. ಇವರಿಗೆ ರೊಟ್ಟಿ ಬಡಿಯೋರ್ಯಾರು? ನಿನ್ನ ಪುಸ್ತಕದಾಗ ಒಬ್ಬರಾದ್ರೂ ಊಟಾ ಮಾಡ್ಯಾರೇನು?"

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಾಕಿಕೊಂಡ ಮೇಲೆ ಕೈಬೆರಳು ಮಡಚಿ ಲೆಕ್ಕ ಹಾಕಿದೆ. ಏಳುನೂರು ಪುಟದಲ್ಲಿ ಒಬ್ಬನೇ ಒಬ್ಬ ಒಂದು ಹಣ್ಣು ತಿಂದಿದ್ದ. ಅದರಲ್ಲೂ ವಿಷ ಇತ್ತು.

ಒತ್ತಕ್ಷರಗಳ ಆ ಹೆಸರು ಅತ್ತೆಯ ಬಾಯಿಗೆ ಒಗ್ಗಲಿಲ್ಲ. ಅವರು ಆಕೆಯನ್ನು ‘ಕಲ್ಲವ್ವ’ ಎಂದು ಕರೆಯತೊಡಗಿದರು. ನಾನು ಎಷ್ಟು ತಿದ್ದಿದರೂ ಕೇಳಲಿಲ್ಲ.

ನಮ್ಮ ಮನೆಯ ಹಿಂದೆ ಆಗ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಆ ಜಾಗದ ಮೂಲೆಯಲ್ಲಿ ಎರಡು ಆಳೆತ್ತರದ ಒಂದು ಗುಂಡು ಬಂಡೆ, ಆನೆ ಮಂಡಿಯೂರಿದ ಹಾಗೆ ಕೂತಿತ್ತು. ಕಾದಂಬರಿಯ ಬಂಡೆಗೆ ಅದೇ ಮಾದರಿ. ವರಾಂಡದಿಂದ ನೋಡಿ ನೋಡಿ ಬರೆದಿದ್ದೆ. ಅಲ್ಲಿ ಕೆಲಸಕ್ಕಿದ್ದವರು ಯಾದಗಿರಿ, ರಾಯಚೂರು ಕಡೆಯ ಜನ. ಅವರಲ್ಲಿ ಹೆಂಗಸರು ಹತ್ತು ಹನ್ನೆರಡು ಮಂದಿ, ತಲೆಯ ಮೇಲೆ ಸಿಂಬಿ ಇಟ್ಟು ಉಸುಕು, ಕಾಂಕ್ರೀಟು ಹೊರುವವರು. ಅವರ ಮುಂದಾಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ವಯಸ್ಸು ಐವತ್ತರ ಹತ್ತಿರ, ಮೂಗಿನ ಎರಡೂ ಕಡೆ ನತ್ತು, ಕೂಗಿದರೆ ಮೂರನೇ ಮಹಡಿಯಲ್ಲಿದ್ದವನು ಕೈಲಿದ್ದದ್ದನ್ನು ಕೆಳಗಿಡುವಂಥ ದನಿ.

ಮಧ್ಯಾಹ್ನದ ಊಟದ ಹೊತ್ತಿಗೆ ಅವರು ನಮ್ಮ ಕಾಂಪೌಂಡಿನ ಗೋಡೆಯ ನೆರಳಿಗೆ ಬಂದು ಕೂರುತ್ತಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅತ್ತೆ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದರು. ಉಪ್ಪಿನಕಾಯಿ ಕೊಟ್ಟರು, ಶೇಂಗಾ ಚಟ್ನಿ ಕೊಟ್ಟರು, ತಂಬಿಗೆಯಲ್ಲಿ ನೀರು ಕೊಟ್ಟರು. ಚಟ್ನಿ ಖಾಲಿಯಾಗುತ್ತಿತ್ತು, ನೀರು ಹಾಗೇ ಉಳಿಯುತ್ತಿತ್ತು; ನನ್ನ ರಜೆಯ ದಿನಗಳಲ್ಲಿ ನಾನೂ ನೋಡಿದ್ದೆ. ಏಪ್ರಿಲ್ ಬಿಸಿಲಿನಲ್ಲಿ ಇವರು ಒಂದೆರಡು ಗುಟುಕಷ್ಟೇ ಕುಡಿದು ತಂಬಿಗೆ ವಾಪಸು ಕೊಡುತ್ತಾರಲ್ಲ, ಸಂಕೋಚದ ಜನ ಎಂದುಕೊಂಡಿದ್ದೆ.

ಚಟ್ನಿಯ ಜೊತೆಗೆ ಅತ್ತೆ ನನ್ನ ಕಾದಂಬರಿಯನ್ನೂ ಬಡಿಸುತ್ತಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ. ದಿನಾ ಓದಿದ್ದನ್ನು ಮರುದಿನ ಹೇಳುವುದು. ಹೇಳುವಾಗ ತಮಗೆ ಸರಿ ಕಾಣದ್ದನ್ನು ಬಿಟ್ಟು, ಬೇಕೆನಿಸಿದ್ದನ್ನು ಸೇರಿಸುವುದು. ಅವರ ಕಥೆಯಲ್ಲಿ ಕಲ್ಲವ್ವ ಎದ್ದ ಕೂಡಲೇ ಮುಖ ತೊಳೆದು, ಚಾ ಕುಡಿದು, ಎಲೆ ಅಡಿಕೆ ಹಾಕಿಕೊಂಡೇ ಯುದ್ಧಕ್ಕೆ ಹೋಗುತ್ತಿದ್ದಳಂತೆ. ಮತ್ತು ಅವಳು ಮಲಗಿದ್ದದ್ದು ಎಲ್ಲೋ ಕಾಲ್ಪನಿಕ ನಗರದಲ್ಲಲ್ಲ. ಇಗೋ, ಇದೇ ಬಂಡೆಯ ಕೆಳಗೆ. "ನಮ್ಮ ಸೊಸಿ ಎಲ್ಲಾ ಬರದಿಟ್ಟಾಳ. ಮೂರು ಪುಸ್ತಕ ಆಗ್ಯಾವ" ಎಂದು ಸಾಕ್ಷಿಗೆ ಸ್ಪೈರಲ್ ಬೈಂಡನ್ನು ಎತ್ತಿ ತೋರಿಸುತ್ತಿದ್ದರಂತೆ.

ಆಷಾಢ ಬಂತು. ಊರೆಲ್ಲ ಅಮ್ಮನಿಗೆ ಎಡೆ ಒಪ್ಪಿಸುವ ಬೋನಾಲು ಹಬ್ಬದ ಸಡಗರ. ತಲೆಯ ಮೇಲೆ ಅನ್ನದ ಗಡಿಗೆ ಹೊತ್ತ ಹೆಂಗಸರು, ಬೇವಿನ ಸೊಪ್ಪು, ಡಪ್ಪು ತಮಟೆಯ ಸದ್ದು. ಅದೇ ವಾರ ಒಂದು ಬೆಳಿಗ್ಗೆ ಹಿಂದಿನ ಸೈಟಿಗೆ ಬಂಡೆ ಕೊರೆಯುವ ಕಂಪ್ರೆಸರ್ ಗಾಡಿ ಬಂದು ನಿಂತಿತು.

ನಾನು ಮುಚ್ಚಳ ಮುಗಿಸಿ ಮನೆಗೆ ಬಂದಾಗ ಮೂರು ಗಂಟೆ. ಗೇಟಿನಲ್ಲಿ ಸೈಟಿನ ಸೂಪರ್‌ವೈಸರ್ ನಿಂತಿದ್ದ. ನಲ್ಗೊಂಡ ಕಡೆಯ ಮನುಷ್ಯ. ತಲೆಗೆ ಹಳದಿ ಹೆಲ್ಮೆಟ್ಟು, ಹಣೆಯಲ್ಲಿ ಬೊಟ್ಟಿನಗಲ ಕುಂಕುಮ, ಕುತ್ತಿಗೆಯಲ್ಲಿ ಮೂರು ತಾಯಿತ. ದಿನಾ ಅವನು ಕೂಗಾಡುವುದನ್ನಷ್ಟೇ ಕೇಳಿದ್ದ ನನಗೆ, ಅವನು ಕೈಮುಗಿದದ್ದು ಕಂಡು ಯಾರೋ ಸತ್ತಿರಬೇಕು ಅನ್ನಿಸಿತು.

"ಮೇಡಂ, ಬುಕ್ ರಾಸಿಂದಿ ಮೀರೇನಾ?" ಎಂದ. ಪುಸ್ತಕ ಬರೆದದ್ದು ನೀವೇನಾ ಅಂತ. ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಬೆನ್ನು ತಾನೇ ನೆಟ್ಟಗಾಯಿತು. ಹೌದು ಎಂದೆ.

ಆಮೇಲೆ ಅವನು ಹೇಳಿದ್ದನ್ನು ತೆಲುಗಿನಿಂದ ಜೋಡಿಸಿಕೊಂಡಾಗ ಗೊತ್ತಾದದ್ದು ಇದು. ಬೆಳಿಗ್ಗೆ ಕಂಪ್ರೆಸರ್ ಚಾಲೂ ಮಾಡುವ ಹೊತ್ತಿಗೆ ಹೆಂಗಸರೆಲ್ಲ ಬುಟ್ಟಿಗಳನ್ನು ಮಗುಚಿ ಅದರ ಮೇಲೆ ಕೂತುಬಿಟ್ಟಿದ್ದಾರೆ. ಬಂಡೆಯ ಕೆಳಗೆ ಅಮ್ಮ ಮಲಗಿದ್ದಾಳೆ, ಮುಟ್ಟಿದರೆ ನಮ್ಮ ಕೈ ಬಿದ್ದುಹೋಗುತ್ತದೆ ಅನ್ನುತ್ತಿದ್ದಾರೆ. ಹೆಂಗಸರು ಕೂತದ್ದು ನೋಡಿ ಗಂಡಸರೂ ಕೂತಿದ್ದಾರೆ. ಕಂಪ್ರೆಸರಿನವನು ಆಷಾಢದಲ್ಲಿ ಅಮ್ಮನ ತಂಟೆ ನನಗೆ ಬೇಡ ಎಂದು ಚಾ ಕುಡಿಯಲು ಹೋದವನು ಇನ್ನೂ ಬಂದಿಲ್ಲ.

"ಅದು ಕಥೆ ಕಣಪ್ಪ. ನಾನೇ ಕಟ್ಟಿದ್ದು. ಅಲ್ಲಿ ಯಾರೂ ಇಲ್ಲ" ಎಂದೆ ಹಿಂದಿಯಲ್ಲಿ.

ಅವನು ಬಂಡೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ: "ಇಲ್ಲ ಅಂತ ಗ್ಯಾರಂಟಿ ಕೊಡ್ತೀರಾ ಮೇಡಂ?"

ಮುಚ್ಚಳಕ್ಕಾದರೆ ಗ್ಯಾರಂಟಿ ಕೊಡಬಹುದಿತ್ತು. ಆಗಷ್ಟೇ ಒಂದು ವಿಷಯ ಹೊಳೆಯಿತು: ನನ್ನ ಕಥೆಯನ್ನು ನಿಜವೆಂದೇ ನಂಬಿ ನನ್ನೆದುರು ಬಂದು ನಿಂತ ಮೊದಲಿಗ ಈ ಸೂಪರ್‌ವೈಸರ್. ನನ್ನ ಮೊದಲ ಭಕ್ತ.

ಬುಕ್ ತಗೊಂಡು ಸೈಟಿಗೆ ಬನ್ನಿ, ಏನು ಬರೆದಿದೆಯೋ ಎಲ್ಲರೆದುರು ಓದಿಬಿಡಿ, ಅಮ್ಮನಿಗೆ ಏನು ಬೇಕೋ ಮಾಡಿ ಮುಗಿಸೋಣ ಎಂದ. ನಾನು ಒಳಗೆ ಹೋಗಿ ಅತ್ತೆಯನ್ನು ನೋಡಿದೆ. ಅವರು ಆಗಲೇ ಹೊಸ ಸೀರೆ ಉಟ್ಟು, ಮೂರೂ ಸಂಪುಟಗಳನ್ನು ಎದೆಗವುಚಿಕೊಂಡು ನಿಂತಿದ್ದರು.

"ಏನ್ ಮಾಡೀರಿ ಅತ್ತಿ ಇದು?"

"ನಾ ಏನ್ ಮಾಡೀನವಾ? ಬರದಾಕಿ ನೀನು. ನಾ ಓದಿ ಹೇಳೀನಷ್ಟ."

ಸೈಟಿನಲ್ಲಿ ಬಂಡೆಯ ಮುಂದೆ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮಗುಚಿದ ಬುಟ್ಟಿಗಳ ಮೇಲೆ ಹೆಂಗಸರು, ಅವರ ಹಿಂದೆ ಸಿಮೆಂಟ್ ಚೀಲಗಳ ಮೇಲೆ ಗಂಡಸರು. ಸಾಹಿತ್ಯ ಸಮಾರಂಭಗಳಲ್ಲಿ ಮುಂದಿನ ಸಾಲು ಖಾಲಿ ಇರುವುದನ್ನು ನೋಡಿದ್ದೇನೆ. ಇಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಸೂಪರ್‌ವೈಸರ್ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ. ಅವನಿಗೆ ಕನ್ನಡ ಬಾರದು. ದೊಡ್ಡಕ್ಕ ಎದ್ದು ಬಂದು ನನ್ನ ಪಕ್ಕ ನಿಂತು, "ನೀವು ಓದ್ರಿ ಅಕ್ಕಾರ, ನಾ ತೆಲುಗಿನಾಗ ಹೇಳ್ತೀನಿ" ಎಂದಳು. ಹೇಳುವಾಗ ಅವಳು ನನ್ನ ಕಣ್ಣನ್ನೇ ನೋಡಿದಳು. ಅದು ಪ್ರಾರ್ಥನೆಯಾಗಿರಲಿಲ್ಲ, ಅಪ್ಪಣೆಯಾಗಿತ್ತು.

ಎರಡನೇ ಸಂಪುಟ ಎಲ್ಲಿ ತೆರೆಯಿತೋ ಅಲ್ಲಿಂದ ಓದಿದೆ. ಅದು ಯುದ್ಧದ ಅಧ್ಯಾಯ. "ಆಗ ಆ ಮಹಾಶಕ್ತಿಯು ತನ್ನ ಕೆಂಡದ ಕಣ್ಣುಗಳನ್ನು ತೆರೆದು ಕತ್ತಲಿನ ದೊರೆಯನ್ನು ನೋಡಿದಳು" ಎಂದು ಓದಿ ನಿಲ್ಲಿಸಿದೆ.

ದೊಡ್ಡಕ್ಕ ಗಂಟಲು ಸರಿಮಾಡಿಕೊಂಡು ತೆಲುಗಿನಲ್ಲಿ ಶುರುಮಾಡಿದಳು. ಈ ಜಾಗದ ಅಮ್ಮ ಹೀಗೆ ಹೇಳಿದ್ದಾಳೆ. ನನ್ನ ಮನೆಯ ಹಿಂದೆ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಹೆದರಿಕೊಂಡು ಬಯಲಿಗೆ ಬರುತ್ತಾರೆ. ನನಗೆ ಅದು ಸರಿ ಬರುವುದಿಲ್ಲ. ಅವರಿಗೆ ಎರಡು ಸಂಡಾಸು ಕಟ್ಟಿಸಬೇಕು. ತಗಡಿನ ಬಾಗಿಲಿರಬೇಕು. ಬಾಗಿಲಿಗೆ ‘ಲೋಪಲ ಗೊಳ್ಳೆಂ’, ಅಂದರೆ ಒಳಗಿನಿಂದ ಚಿಲಕ, ಇರಬೇಕು.

ಇದ್ದಕ್ಕಿದ್ದಂತೆ ವಾಪಸು ಬರುತ್ತಿದ್ದ ತಂಬಿಗೆಗಳೆಲ್ಲ ನೆನಪಾದವು. ಇವರಿಗೆ ಸಂಕೋಚವಲ್ಲ. ನೀರು ಕುಡಿದರೆ ಹೋಗುವುದೆಲ್ಲಿ? ಬೆಳಕು ಹರಿಯುವ ಮುಂಚೆ ಬಂಡೆಯ ಹಿಂದೆ ಹೋಗಿಬಂದರೆ ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಆ ಬಂಡೆಯೊಂದೇ ಅವರಿಗಿದ್ದ ಪರದೆ. ಈಗ ಅದನ್ನೂ ಒಡೆಯಲು ಬಂದಿದ್ದಾರೆ. ಇದೇ ವರಾಂಡದಲ್ಲಿ ಕೂತು, ಇದೇ ಬಂಡೆಯನ್ನು ನೋಡುತ್ತ, ನಾನು ಕಾಲ್ಪನಿಕ ನಗರದ ನೊಂದ ಪ್ರಜೆಗಳ ಬಗ್ಗೆ ನೂರು ಪುಟ ಬರೆದಿದ್ದೆ. ಮೂರು ತಿಂಗಳಿಂದ ಗೋಡೆಯಾಚೆ ಕೂರುತ್ತಿದ್ದವರ ನೋವು ಮಾತ್ರ ನನಗೆ ಕಂಡಿರಲಿಲ್ಲ.

"ಮುಂದಿಂದು ಓದ್ರಿ" ಎಂದಳು ದೊಡ್ಡಕ್ಕ.

"ಅವಳ ಖಡ್ಗವು ಮಿಂಚಿತು" ಎಂದು ಓದಿದೆ. ಮೂರೇ ಮಾತು.

ಅದರ ಅನುವಾದ ಐದು ನಿಮಿಷ ನಡೆಯಿತು. ಕುಡಿಯುವ ನೀರಿನ ಡ್ರಮ್ಮು ನೆರಳಿನಲ್ಲಿರಬೇಕು, ಅದಕ್ಕೆ ಮುಚ್ಚಳವಿರಬೇಕು. ಮಕ್ಕಳ ಜೋಳಿಗೆ ಕಟ್ಟಲು ಒಂದು ತಗಡಿನ ಚಪ್ಪರ ಬೇಕು. ಮಂಗಳವಾರ ಅಮ್ಮ ತಲೆಗೆ ನೀರು ಹಾಕಿಕೊಳ್ಳುವ ದಿನ, ಅವತ್ತು ಇಲ್ಲಿ ಯಾರೂ ಗುದ್ದಲಿ ಹಿಡಿಯುವಂತಿಲ್ಲ, ವಾರಕ್ಕೊಂದು ರಜೆ.

ಸೂಪರ್‌ವೈಸರಿಗೆ ಸ್ವಲ್ಪ ಅನುಮಾನ ಬಂತು. "ಮೇಡಂ ಓದಿದ್ದು ಅಷ್ಟೇ ಅಷ್ಟು, ನೀನು ಹೇಳೋದು ಇಷ್ಟುದ್ದ?" ಎಂದ.

"ಕನ್ನಡದಲ್ಲಿ ಮಾತು ಗಿಡ್ಡ ಸಾರ್. ತೆಲುಗಿಗೆ ಬಂದರೆ ಉದ್ದ ಆಗ್ತದೆ" ಎಂದಳು ದೊಡ್ಡಕ್ಕ, ಅವನ ತೆಲುಗಿನಲ್ಲೇ.

ಅವನು ನನ್ನ ಕಡೆ ತಿರುಗಿದ. "ನಿಜಮೇನಾ ಮೇಡಂ? ಹೀಗೇ ಬರೆದಿದೆಯಾ?"

ಹೆಂಗಸರ ಹನ್ನೆರಡು ಜೊತೆ ಕಣ್ಣು ನನ್ನ ಮೇಲಿದ್ದವು. ಹಿಂದೆ ಅತ್ತೆ ನನ್ನ ಸೊಂಟಕ್ಕೆ ಸಂಪುಟದ ಮೂಲೆಯಿಂದ ತಿವಿದರು. ಹದಿನಾಲ್ಕು ವರ್ಷ ಸೊಟ್ಟ ಮುಚ್ಚಳವನ್ನು ಸೊಟ್ಟ ಎಂದೇ ಹೇಳಿ ಸಂಬಳ ತೆಗೆದುಕೊಂಡವಳು ನಾನು. ಅವತ್ತು ಆಷಾಢದ ಬಿಸಿಲಿನಲ್ಲಿ, ಸಾವಿರ ವರ್ಷದ ಶಕ್ತಿಯ ಎದುರಿಗೆ, ದನಿಯೆತ್ತಿ ಹೇಳಿದೆ: "ಹಾಂ. ಹೀಗೇ ಬರೆದಿದೆ. ಚಿಲಕ ಒಳಗಡೆಯಿಂದ ಅನ್ನೋದು ಎರಡು ಸಲ ಬರೆದಿದೆ."

ಸುಳ್ಳು ಹೇಳಿದ್ದಕ್ಕೆ ನನಗೆ ಒಂಚೂರೂ ಪಶ್ಚಾತ್ತಾಪವಾಗಲಿಲ್ಲ. ಕಾದಂಬರಿಯ ಏಳುನೂರು ಪುಟದಲ್ಲಿ ಅಷ್ಟು ಒಳ್ಳೆಯ ವಾಕ್ಯ ಮತ್ತೊಂದಿರಲಿಲ್ಲ.

ಸೂಪರ್‌ವೈಸರ್ ಬಿಲ್ಡರಿಗೆ ಫೋನ್ ಮಾಡಿದ. ಫೋನಿನಲ್ಲಿ ಬಿಲ್ಡರ್ ಬೈಯುತ್ತಿದ್ದದ್ದು ನಮಗೂ ಕೇಳುತ್ತಿತ್ತು. ಇವನು ಮಾತ್ರ ಬಗ್ಗಲಿಲ್ಲ. ನಾಳೆ ಸ್ಲ್ಯಾಬ್ ಕುಸಿದರೆ ಅಮ್ಮನಿಗೆ ಉತ್ತರ ಹೇಳುವವರು ಯಾರು ಸಾರ್, ನೀವು ಬರ್ತೀರಾ, ಬುಕ್ಕಲ್ಲಿ ಎಲ್ಲ ಕ್ಲಿಯರ್ ಆಗಿ ಇದೆ ಎಂದು ವಾದಿಸಿದ. ಮೂರು ತಿಂಗಳಿಂದ ಸಂಡಾಸು ಕೇಳಿದಾಗೆಲ್ಲ "ಚೂದ್ದಾಂ, ನೋಡೋಣ" ಎಂದವನೂ ಇವನೇ.

ನಾಲ್ಕು ದಿನದಲ್ಲಿ ಎರಡು ತಗಡಿನ ಕೋಣೆಗಳು ಎದ್ದವು. ಚಿಲಕ ಹೊರಗಡೆ ಹಾಕಿದ್ದರು. ದೊಡ್ಡಕ್ಕ ಬಂಡೆಯ ಕಡೆಗೊಮ್ಮೆ, ಸೂಪರ್‌ವೈಸರಿನ ಕಡೆಗೊಮ್ಮೆ ನೋಡಿ ನಾಲಿಗೆಯಿಂದ ‘ಚ್ಚು ಚ್ಚು’ ಎಂದಳಷ್ಟೇ. ಅರ್ಧ ಗಂಟೆಯಲ್ಲಿ ಒಳಗೂ ಒಂದು ಚಿಲಕ ಬಂತು. ಡ್ರಮ್ಮು ಬಂತು. ಚಪ್ಪರ ಬಂತು. ಐದನೆಯ ದಿನ ಬಂಡೆಗೆ ಅರಿಶಿನ ಕುಂಕುಮ ಬಳಿದು, ಬೇವಿನ ಸೊಪ್ಪು ಕಟ್ಟಿ, ಸೂಪರ್‌ವೈಸರ್ ಸ್ವಂತ ಖರ್ಚಿನಲ್ಲಿ ಎರಡು ಕೋಳಿ ಕೊಟ್ಟು, ಅಮ್ಮ ಬೇರೆ ಕಡೆ ದಯಮಾಡಿಸಬೇಕೆಂದು ಬೇಡಿಕೊಂಡ. ನಾವು ಲಿಂಗಾಯತರು, ಅತ್ತೆ ಮೊಟ್ಟೆ ಮುಟ್ಟಿದವರಲ್ಲ. ಗೋಡೆಯ ಈಚೆಯಿಂದಲೇ ಸಾರಿಗೆ ಮಸಾಲೆ ಎಷ್ಟು ಹಾಕಬೇಕೆಂದು ಕೂಗಿ ಹೇಳಿದರು. ಆಮೇಲೆ ಬಂಡೆ ಒಡೆಯಲು ಮೂರು ವಾರ ಹಿಡಿಯಿತು. ಕೆಳಗೆ ಒಂದು ಚೇಳು ಸಿಕ್ಕಿತು. ಸೂಪರ್‌ವೈಸರ್ ಅದಕ್ಕೂ ನಮಸ್ಕಾರ ಮಾಡಿದ.

ಮೊದಲ ಮಂಗಳವಾರ ನಾನು ಶಿಫ್ಟಿನಿಂದ ಬಂದಾಗ ನಮ್ಮ ವರಾಂಡದ ತುಂಬ ಹೆಂಗಸರು. ಒಬ್ಬಳು ಇನ್ನೊಬ್ಬಳ ತಲೆ ಬಾಚುತ್ತಿದ್ದಳು, ಇಬ್ಬರು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ಮಧ್ಯದಲ್ಲಿ ತಂಬಿಗೆ ಖಾಲಿ ಬಿದ್ದಿತ್ತು. ಅತ್ತೆ ಚಾ ಸೋಸುತ್ತಿದ್ದರು. ನಾನು ದೊಡ್ಡಕ್ಕನ ಪಕ್ಕ ಕೂತು ಅವತ್ತಿನಿಂದ ಕಾಡುತ್ತಿದ್ದದ್ದನ್ನು ಕೇಳಿದೆ.

"ಖರೇ ಹೇಳು ದೊಡ್ಡಕ್ಕ, ಆ ಕಲ್ಲಿನ ಕೆಳಗ ಯಾರರ ಅದಾರ ಅಂತ ನೀ ನಂಬಿದ್ದೇನು?"

ಅವಳು ನಕ್ಕಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ದವಡೆಗೆ ಸರಿಸಿ ನಕ್ಕಳು.

"ಕಥಿ ಅಂತ ನಮಗ ತಿಳಿಯಂಗಿಲ್ಲೇನ್ರಿ ಅಕ್ಕಾರ? ಮೂವತ್ತು ವರ್ಷದಿಂದ ಕಲ್ಲು ಒಡ್ಯಾಕತ್ತೀನಿ. ಎಷ್ಟು ಕಲ್ಲಿನ ಕೆಳಗ ನೋಡಿಲ್ಲ ನಾನು! ಮಣ್ಣಿರ್ತದ, ಹುಳಾ ಇರ್ತಾವು. ನಾವು ಕೇಳಿದ್ರ ಆ ಸೂಪರ್‌ವೈಜರ್ ಕೊಡಲಿಲ್ಲ. ಯಾರು ಕೇಳಿದ್ರ ಕೊಡ್ತಾನ ಅಂತ ವಿಚಾರ ಮಾಡಿದ್ವಿ. ಅಷ್ಟೊತ್ತಿಗೆ ನಿಮ್ಮ ಅತ್ತೇರು ಈ ಕಲ್ಲವ್ವನ್ನ ಕೊಟ್ರು."

"ಹಂಗಾದ್ರ ನನ್ನ ಕಾದಂಬರಿ?"

"ನಿಮ್ಮದು ಬಿಡ್ರಿ" ಎಂದಳು. ನೋವಾಗಬಾರದೆಂದು ಮೊಣಕಾಲು ತಟ್ಟಿದಳು. "ಭಾಳ ಉದ್ದ ಐತಿ. ಮತ್ತ ಆ ಕತ್ತಲಿ ದೊರಿ ಯಾಕ ಹಂಗ ಕೂಗ್ಯಾಡತಾನ? ಖರೇ ದೊರಿ ಇದ್ದಾವ ಕೂಗಂಗಿಲ್ರಿ. ಸುಮ್ನ ಎಸಿ ರೂಮಿನಾಗ ಕುಂತಿರ್ತಾನ. ಕೂಗಾಕ ಸೂಪರ್‌ವೈಜರ್ ಇರ್ತಾನ."

ಇಂಥ ಮಾತು ಕೇಳಿದ ಮೇಲೆ ಯಾರೂ ಮೊದಲಿನಂತೆ ಬರೆಯಲಾರರು. ಆದರೂ ನಾನು ಪ್ರಯತ್ನ ಪಟ್ಟೆ. ಹಳೆಯ ಏಳುನೂರು ಪುಟವನ್ನೇ ಕರ್ನಾಟಕದ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಅವರು ಎಂಟು ತಿಂಗಳು ಇಟ್ಟುಕೊಂಡು, ಭಾಷೆ ಪ್ರೌಢವಾಗಿದೆ ಎಂದು ಹೊಗಳಿ ವಾಪಸು ಮಾಡಿದರು. ನಡುವಿನ ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು, ತೆರೆದೇ ಇರಲಿಲ್ಲ. ಎರಡು ದಿನ ಮೂರೂ ಸಂಪುಟಗಳನ್ನು ಮಂಚದ ಕೆಳಗೆ ತಳ್ಳಿಟ್ಟಿದ್ದೆ. ಮೂರನೆಯ ದಿನ ಮಂಗಳವಾರ, ಹೆಂಗಸರು ಬಂದರು. ಅವರಿಗೆ ಮೊದಲ ಅಧ್ಯಾಯ ಓದಿದೆ. ಅರ್ಧಕ್ಕೆ ಅರ್ಧ ಜನ ಮಲಗಿದರು. ಯಾವ ವಾಕ್ಯಕ್ಕೆ ಯಾರು ಮಲಗಿದರು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಮರುದಿನ ಆ ವಾಕ್ಯಗಳನ್ನೆಲ್ಲ ಹೊಡೆದು ಹಾಕಿದೆ. ಸೊಟ್ಟದ್ದನ್ನು ಹೆಕ್ಕಿ ಎಸೆಯುವುದೊಂದು ಮಾತ್ರ ನನಗೆ ಚೆನ್ನಾಗಿ ಬರುವ ಕೆಲಸ.

ಹೀಗೆ ಒಂದು ವರ್ಷ. ಕಟ್ಟಡ ಏರುತ್ತಾ ಹೋಯಿತು, ಕಾದಂಬರಿ ಇಳಿಯುತ್ತಾ ಬಂತು. ಏಳುನೂರು ಪುಟ ಮುನ್ನೂರಾಯಿತು. ಕತ್ತಲಿನ ದೊರೆ ಕೂಗುವುದನ್ನು ನಿಲ್ಲಿಸಿದ. ಸೈನ್ಯದ ಹಿಂದೆ ರೊಟ್ಟಿ ಬಡಿಯುವ ಹೆಂಗಸರು ಬಂದರು. ಬಂದವರು ಸುಮ್ಮನಿರದೆ ಎರಡು ಅಧ್ಯಾಯ ಆಕ್ರಮಿಸಿಕೊಂಡರು. ವಿಸರ್ಗದ ಹೆಸರು ಹೋಗಿ ಕಲ್ಲವ್ವನೇ ಉಳಿದಳು. ಅವಳು ಎದ್ದ ಕೂಡಲೇ ಮುಖ ತೊಳೆಯಬೇಕೋ, ಮೊದಲು ಚಾ ಕುಡಿಯಬೇಕೋ ಎಂಬುದರ ಮೇಲೆ ಅತ್ತೆಗೂ ದೊಡ್ಡಕ್ಕನಿಗೂ ಒಂದು ಇಡೀ ಮಧ್ಯಾಹ್ನ ಜಗಳವಾಯಿತು. ಇಬ್ಬರೂ ಮಾತು ಬಿಟ್ಟು, ಮುಂದಿನ ವಾರ ತಾವೇ ಕೂಡಿದರು.

ಸ್ಲ್ಯಾಬು, ಪ್ಲಾಸ್ಟರು ಎಲ್ಲ ಮುಗಿದು ಬಣ್ಣ ಬಳಿಯುವವರು ಬಂದಾಗ ಇವರ ಗುಂಪು ಕೊಂಡಾಪುರದ ಆಚೆ ಇನ್ನೊಂದು ಸೈಟಿಗೆ ಹೊರಟಿತು. ಟೆಂಪೋ ಹತ್ತುವ ಮುಂಚೆ ದೊಡ್ಡಕ್ಕ ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟು, "ಅಲ್ಲಿ ಸಂಡಾಸ ಐತೇನು?" ಎಂದು ಕೇಳಿದರು.

"ಹೋಗಿ ನೋಡತೀನ್ರಿ ಅವ್ವಾರ. ಇಲ್ಲಂದ್ರ ಅಲ್ಲೂ ಯಾರನ್ನರ ಎಬ್ಬಸತೀನಿ."

ಆಮೇಲೆ ಬಹಳ ದಿನ ಮಂಗಳವಾರಗಳು ನಮ್ಮ ಮನೆಯಲ್ಲಿ ಬಿಕೋ ಎಂದವು. ಅತ್ತೆ ಅಭ್ಯಾಸಬಲದಿಂದ ಹತ್ತು ಲೋಟ ಚಾಕ್ಕೆ ನೀರಿಟ್ಟು, ನೆನಪಾಗಿ ಎಂಟು ಲೋಟ ನೀರನ್ನು ತುಳಸಿಗೆ ಹಾಕುತ್ತಿದ್ದರು. ನಾನು ಎಷ್ಟು ಕೆಟ್ಟ ವಾಕ್ಯ ಬರೆದರೂ ಎದುರಿಗೆ ಗೊರಕೆ ಹೊಡೆಯುವವರಿಲ್ಲದೆ ತಿದ್ದುವುದು ಕಷ್ಟವಾಯಿತು. ಗಂಡನಿಗೆ ಓದಿ ನೋಡಿದೆ; ಅವರು ಒಳ್ಳೆಯ ವಾಕ್ಯಕ್ಕೂ ಮಲಗುತ್ತಾರೆ.

ಕೊನೆಯ ಅಧ್ಯಾಯ ಮುಗಿದದ್ದು ಹೋದ ಚಳಿಗಾಲದಲ್ಲಿ. ದೊಡ್ಡಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಓದಲು ಬಾರದು. ಓದಿ ಹೇಳಲೇನು ಎಂದೆ. "ಹೇಳ್ರಿ, ಸ್ಪೀಕರ್ ಹಾಕತೀನಿ, ಎಲ್ಲಾರೂ ಅದಾರ" ಎಂದಳು. ಹಿಂದೆ ಕಾಂಕ್ರೀಟ್ ಮಿಕ್ಸರ್ ಗರಗರ ತಿರುಗುವ ಸದ್ದು. ಅತ್ತೆ ನನ್ನ ಪಕ್ಕ ಬಂದು ಕಿವಿ ಕೊಟ್ಟು ಕೂತರು. ನಾನು ದನಿ ಏರಿಸಿ ಓದಿದೆ. ಏಳೂ ಶಕ್ತಿಗಳು ಎದ್ದು ನಗರದ ಬಾಗಿಲಿಗೆ ಬಂದು ನಿಂತಿದ್ದವು, ದೊರೆ ತನ್ನ ತಣ್ಣನೆಯ ಕೋಣೆಯಿಂದ ಮೊದಲ ಸಲ ಹೊರಗೆ ಬಂದಿದ್ದ, ಕಲ್ಲವ್ವ ಅವನೆದುರು ಕೈ ಎತ್ತಿದ್ದಳು. ಮೂರು ವರ್ಷ ಕಾದು ಬರೆದ ಗಳಿಗೆ ಅದು.

"ಅಕ್ಕಾರ, ಒಂಚೂರು ತಡೀರಿ" ಎಂದಳು ದೊಡ್ಡಕ್ಕ. "ಸ್ಲ್ಯಾಬಿಗೆ ಮಾಲು ಬಂತು. ನಾಕು ಬುಟ್ಟಿ ಕೊಟ್ಟು ಬರತೀನಿ."

ಫೋನ್ ಎಲ್ಲೋ ಇಟ್ಟಿಗೆಯ ಮೇಲೆ ಇಟ್ಟ ಸದ್ದು ಕೇಳಿಸಿತು. ಕಲ್ಲವ್ವ ಕೈ ಎತ್ತಿಕೊಂಡೇ ನಿಂತಳು. ನಾನೂ ಅತ್ತೆಯೂ ಫೋನಿಗೆ ಕಿವಿಯಾನಿಸಿ ಕೂತೆವು. ಆ ಕಡೆ ದೊಡ್ಡಕ್ಕ ಯಾರಿಗೋ ಜೋರಾಗಿ ಬೈಯುತ್ತಿದ್ದಳು.